ಉಪ್ಪಾಗೆ ಒಲೆ: ಮೂರನೇ ಮಳೆಗಾಲ

ಜೂನ್ 28

ಉಪ್ಪಾಗೆ ಎಂಬ ಹುಳಿ ಕಾಡುಹಣ್ಣಿನ ಸಿಪ್ಪೆ ಒಣಗಿಸಲು ನಮ್ಮ ಗುಂಪು ಕಟ್ಟಿದ ಒಲೆಗೆ ಹೊಸ ಮಣ್ಣು ಮೆತ್ತಿ ಆಯಿತು. ಹೋದ ವರ್ಷ ಹೊಗೆಯೆಲ್ಲ ಬಾಗಿಲ ಕಡೆಗೇ ಬರುತ್ತಿತ್ತು. ಸಿಪ್ಪೆ ತಿರುವಿ ಹಾಕುವ ಹೆಂಗಸರ ಕಣ್ಣು ಸಂಜೆಗೆ ಕೆಂಪಾಗುತ್ತಿತ್ತು. ಈ ಸಲ ತಗಡಿನ ಕೊಳವೆಯನ್ನು ಎರಡು ಅಡಿ ಎತ್ತರಿಸಿದ್ದೇವೆ.

ನಮ್ಮ ಶಿರಸಿ, ಸಿದ್ದಾಪುರದ ಕಾಡಲ್ಲಿ ಉಪ್ಪಾಗೆ ಹಣ್ಣಾಗುವುದು ಮಳೆ ಜೋರಾಗಿರುವಾಗಲೇ. ಬಿಸಿಲನ್ನು ನಂಬುವ ಹಾಗಿಲ್ಲ, ಬೆಂಕಿಯ ಮೇಲೇ ಒಣಗಿಸಬೇಕು. ಅದಕ್ಕೆ ಕಾಡಿನ ಕಟ್ಟಿಗೆಯೇ ಬೇಕು. ತೂಕ ಇಳಿಸುವ ಮಾತ್ರೆಗೆಂದು ಸಿಪ್ಪೆ ಹೊರದೇಶಕ್ಕೆ ಹೋಗತೊಡಗಿದ ಮೇಲೆ ರೇಟು ಏರಿತು. ಕಾಯಿ ಬಲಿಯುವ ಮೊದಲೇ ಟೊಂಗೆ ಕಡಿದು ಕೊಯ್ಯುವುದೂ ಶುರುವಾಯಿತು. ಮನೆಗೆ ದುಡ್ಡು ಬರಬೇಕು, ಮರವೂ ಉಳಿಯಬೇಕು. ಈ ಒಲೆ ಕಟ್ಟಿದ್ದೇ ಅದಕ್ಕೆ.

ಜುಲೈ 11

ತೂಗಿ ನೋಡಿದೆವು. ಹಳೇ ಒಲೆಯಲ್ಲಿ ಒಂದು ಕಿಲೊ ಒಣ ಸಿಪ್ಪೆಗೆ 9 ಕಿಲೊ ಕಟ್ಟಿಗೆ ಹೋಗುತ್ತಿತ್ತು. ಈಗ 5 ಕಿಲೊ. ಚಳಿಗಾಲದಲ್ಲಿ ಕೂಡಿಟ್ಟ ಅಡಿಕೆ ಸಿಪ್ಪೆ ಬೆರೆಸಿದರೆ ಇನ್ನೂ ಕಡಿಮೆ. ತುಂಬಾ ಖುಷಿಯಾಯಿತು.

ಜುಲೈ 19

ಆ ಖುಷಿ ಒಂದು ವಾರ ಇತ್ತು. ಬೇಗ ಒಣಗುತ್ತದೆ ಎಂದು ಗೊತ್ತಾದ ಕೂಡಲೇ ಜನ ಜಾಸ್ತಿ ಕಾಯಿ ತಂದು ಸುರಿದರು. ಅರ್ಧಕ್ಕರ್ಧ ಹಸಿರು. ಕಟ್ಟಿಗೆ ಉಳಿಸಿದೆವು, ಮರವನ್ನು ಬೋಳು ಮಾಡಿದೆವು. ಇಲ್ಲಿನ ಸಿಂಗಳೀಕ ಕೋತಿಗಳಿಗೂ ಇದೇ ಹಣ್ಣು ಬೇಕಲ್ವಾ? 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಅವುಗಳಿಗೆಂದೇ ಸಂರಕ್ಷಣಾ ಮೀಸಲು ಮಾಡಿದ್ದಾರೆ. ನಾವು ಮಾತ್ರ ಅವುಗಳ ಊಟ ಕಿತ್ತು ತರುತ್ತಿದ್ದೇವೆ.

ಸಂಜೆ ಎಲ್ಲರೂ ಕೂತೆವು. ಹಣ್ಣಾದದ್ದಕ್ಕೆ ಕಿಲೊಗೆ 4 ರೂಪಾಯಿ ಜಾಸ್ತಿ ಕೊಡೋಣ ಎಂದೆ. ಆ 4 ರೂಪಾಯಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಸಿಕ್ಕಿದ್ದು ನಮ್ಮ ಗುಂಪಿನ ಹಿರಿಯ ಅಮ್ಮನಿಂದ. "ತಮ್ಮಾ, ಎಳೆಕಾಯಿ ಬೀಜದಲ್ಲಿ ತುಪ್ಪ ಎಲ್ಲಿ ಬರ್ತದೆ? ಹಣ್ಣು ತರಿಸು, ಬೀಜ ನನಗೆ ಬಿಡು" ಎಂದರು.

ನಿಜ. ನಾವು ಬೀಜ ಎಸೆಯುತ್ತಿದ್ದೆವು. ಹಿಂದೆ ಇದೇ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ ತುಪ್ಪ ತೆಗೆಯುತ್ತಿದ್ದರು. ದೋಸೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ. ಆ ಅಮ್ಮ ಮರ ಹತ್ತುವವರಲ್ಲ, ಬಿದ್ದ ಹಣ್ಣು ಆರಿಸುವವರು. ಹಣ್ಣಿಗೆ ಬೆಲೆ ಬಂದರೆ ಮೊದಲ ಲಾಭ ಅಂಥವರಿಗೇ. ನನಗೆ ಇದು ಎಲ್ಲಕ್ಕಿಂತ ದೊಡ್ಡದು ಅನಿಸಿತು.

ಆಗಸ್ಟ್ 3

ತುಪ್ಪ ಮಾರಿದ ದುಡ್ಡು ಹಣ್ಣಿನ ಹೆಚ್ಚುವರಿ ರೇಟಿನ ಮುಕ್ಕಾಲು ಪಾಲನ್ನು ತುಂಬಿದೆ. ಉಳಿದದ್ದು ಗುಂಪಿನ ಲಾಭದಿಂದ ಹೋಗುತ್ತದೆ. ಹೋಗಲಿ, ಎಲ್ಲರೂ ಒಪ್ಪಿದ್ದಾರೆ.

ಆದರೂ ಒಬ್ಬ ಹುಡುಗ ಹಸಿರು ಕಾಯಿಯನ್ನೇ ಕೊಯ್ದು ಬೇರೆಡೆ ಕೊಟ್ಟು ಬಂದ. ನನಗೆ ಸಿಟ್ಟು ಬಂತು. ಆಮೇಲೆ ಕೂತು ಮಾತಾಡಿದೆ. ಅಲ್ಲಿ ರೇಟು ಕಡಿಮೆಯೇ, ಆದರೆ ದುಡ್ಡು ಅವತ್ತೇ ಕೈಗೆ. ನಾವು ಕೊಡುವುದು ತಿಂಗಳಾದ ಮೇಲೆ. ಅವನ ಬೈಕ್ ಕಂತು ಕಾಯುವುದಿಲ್ಲವಲ್ಲ. ಎರಡು ವರ್ಷ ಸುಮ್ನೆ ರೇಟಿನ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ, ಇದನ್ನು ಕೇಳಿಯೇ ಇರಲಿಲ್ಲ.

ಆಗಸ್ಟ್ 10

ಎರಡನೇ ಒಲೆಗೆ ಇಟ್ಟಿದ್ದ 12,000 ರೂಪಾಯಿಯನ್ನು ಕೈನಗದಾಗಿ ತಿರುಗಿಸಿದ್ದೇವೆ. ತೂಗಿದ ದಿನವೇ ಅರ್ಧ ಹಣ, ಉಳಿದದ್ದು ಸಿಪ್ಪೆ ಮಾರಿದ ಮೇಲೆ. ಒಲೆ ಮುಂದಿನ ವರ್ಷಕ್ಕೆ ಹೋಯಿತು. ಇವತ್ತು ಆ ಹುಡುಗ ಬಂದಿದ್ದ, 14 ಕಿಲೊ ತಂದಿದ್ದ. ಮೂರು ನಾಲ್ಕು ಬಿಟ್ಟರೆ ಎಲ್ಲವೂ ಹಳದಿ.