ಆರು ಇಂಚಿಗೆ ಅರ್ಧ ಆಳು

ಮನೆಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದಾರೆಯೇ (ಓವರ್‌ಕ್ರೌಡಿಂಗ್) ಎಂದು ಕೋಣೆಗಳನ್ನು ಅಳೆದು ನೋಡುವುದು ನನ್ನ ಕೆಲಸ. ಚಿಕ್ಕ ಬೆಡ್‌ರೂಮ್ 9 ಅಡಿಗೆ 8 ಅಡಿ, 72 ಚದರಡಿ ಎಂದು ಶೀಟಿನಲ್ಲಿ ಬರೆದದ್ದು ನಾನೇ. ಲಂಡನ್ನಿನಲ್ಲಿ 1920ರ ದಶಕದಲ್ಲಿ ಕಟ್ಟಿದ ಕೌನ್ಸಿಲ್ ಮನೆ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆ. ಮೇಲಿನ ಕೋಣೆಯಲ್ಲಿ ಒಂದು ಬದಿಗೆ ಚಾವಣಿ ಇಳಿಜಾರಾಗಿತ್ತು. ಲೇಸರ್ ಮೀಟರನ್ನು ನೆಲದ ಹತ್ತಿರ ಇಟ್ಟು ಗೋಡೆಯಿಂದ ಗೋಡೆಗೆ ಅಳೆದೆ. ಚಾವಣಿ 5 ಅಡಿಗಿಂತ ತಗ್ಗಿರುವ ಕಡೆಯ ನೆಲವನ್ನು ಬಿಡಬೇಕು ಎಂಬ ನಿಯಮ ಗೊತ್ತಿದ್ದೂ ತಲೆ ಎತ್ತಿ ನೋಡಲಿಲ್ಲ.

ಈ ಓವರ್‌ಕ್ರೌಡಿಂಗ್ ಲೆಕ್ಕ 1935ರ ಹೌಸಿಂಗ್ ಆಕ್ಟ್‌ನದು. 1985ರ ಕಾಯ್ದೆಯ 10ನೇ ಭಾಗದಲ್ಲಿ ಇವತ್ತಿಗೂ ಉಳಿದಿದೆ. ಹಾಲ್ ಕೂಡ ಮಲಗುವ ಕೋಣೆಯೆಂದೇ ಎಣಿಕೆ. ಮೊದಲ ಟೇಬಲ್ ಪ್ರಕಾರ 1 ಕೋಣೆಗೆ 2 ಆಳು, 2ಕ್ಕೆ 3, 3ಕ್ಕೆ 5, 4ಕ್ಕೆ ಏಳೂವರೆ. ಎರಡನೆಯದು ಪ್ರತಿ ಕೋಣೆಯ ವಿಸ್ತೀರ್ಣದ್ದು, ಎಲ್ಲ ಕೋಣೆಗಳದ್ದನ್ನೂ ಕೂಡಿಸಬೇಕು: 110 ಚದರಡಿ ಮತ್ತು ಮೇಲ್ಪಟ್ಟು 2, 90ರಿಂದ 110ರೊಳಗೆ ಒಂದೂವರೆ, 70ರಿಂದ 90ರೊಳಗೆ 1, 50ರಿಂದ 70ರೊಳಗೆ ಅರ್ಧ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ವರ್ಷ ತುಂಬದ ಕೂಸು ಲೆಕ್ಕಕ್ಕಿಲ್ಲ. 1 ತುಂಬಿ 10 ತುಂಬದವರು ಅರ್ಧ, 10 ತುಂಬಿದವರು ಒಂದು.

ಹಾಲ್ 140, ದೊಡ್ಡ ಬೆಡ್‌ರೂಮ್ 120, ಚಿಕ್ಕದು 72. ಮಿತಿ 5 ಎಂದು ಬಂತು. ಗಂಡ ಹೆಂಡತಿ, 12ರ ಹುಡುಗಿ, 10ರ ಹುಡುಗ, 4ರ ಇನ್ನೊಬ್ಬ, ಒಂದು ಕೂಸು: ಒಟ್ಟು ನಾಲ್ಕೂವರೆ. ಕೂಸಿಗೆ ವರ್ಷ ತುಂಬಿದಾಗ ಸರಿಯಾಗಿ 5. ಓವರ್‌ಕ್ರೌಡಿಂಗ್ ಇಲ್ಲ ಎಂದು ಫೈಲ್ ಮುಚ್ಚಿದೆವು.

ಆ ತಾಯಿ ಮತ್ತೆ ಅರ್ಜಿ ಹಾಕಿದ್ದರಿಂದ ಇನ್ನೊಮ್ಮೆ ಹೋಗಬೇಕಾಯಿತು. 5 ಅಡಿಯ ಅಳತೆ ಕೋಲನ್ನು ನೆಟ್ಟಗೆ ಹಿಡಿದು ಇಳಿಜಾರಿನ ಕಡೆಗೆ ಮೆಲ್ಲಗೆ ಸರಿಸಿದೆ. ತುದಿ ಚಾವಣಿಗೆ ತಾಗಿದಲ್ಲಿ ನೆಲದ ಮೇಲೆ ಚಾಕ್‌ನಿಂದ ಗೆರೆ ಎಳೆದೆ. ಗೆರೆಯಿಂದ ಗೋಡೆಗೆ 6 ಇಂಚು. ಆಕೆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಾನು ಎರಡು ಸಲ ಅಳೆದೆ, ಮೂರನೆಯ ಸಲವೂ ಅಳೆದೆ. ಎಂಟೂವರೆಗೆ 8, ಅಂದರೆ 68 ಚದರಡಿ. ಕೋಣೆಯ ಪಾಲು 1ರಿಂದ ಅರ್ಧಕ್ಕೆ ಇಳಿಯಿತು, ಮನೆಯ ಮಿತಿ ನಾಲ್ಕೂವರೆಗೆ. ಕೂಸಿಗೆ ವರ್ಷ ತುಂಬಿ ಎರಡು ತಿಂಗಳಾಗಿತ್ತು. ಅಷ್ಟು ದಿನವೂ ಆ ಸಂಸಾರ ಬೇರೆ ಮನೆ ಕೊಡುವ ಆದ್ಯತೆಯ ಪಟ್ಟಿಯ ಹೊರಗಿತ್ತು.

ಮನೆ ಕಟ್ಟಿದ ಮಾತ್ರಕ್ಕೆ ಇಕ್ಕಟ್ಟಿನಲ್ಲಿರುವವರಿಗೆ ಸಿಕ್ಕುವುದಿಲ್ಲ, ಇದು ಹಳೆಯ ಕಥೆ. 1900ರಲ್ಲಿ ಉದ್ಘಾಟನೆಯಾದ ಲಂಡನ್ನಿನ ಕೌನ್ಸಿಲ್ ಬಡಾವಣೆ ಬೌಂಡರಿ ಎಸ್ಟೇಟಿಗಾಗಿ ಓಲ್ಡ್ ನಿಕೋಲ್ ಕೊಳೆಗೇರಿಯಿಂದ ಎಬ್ಬಿಸಿದ್ದು 5,719 ಜನರನ್ನು. ಹೊಸ ಮನೆಗಳಿಗೆ ಬಂದವರು ಅವರಲ್ಲಿ 11 ಮಂದಿ. ಬಾಡಿಗೆ ಅವರ ಕೈಗೆ ಎಟುಕುವಂತಿರಲಿಲ್ಲ.

ಹೊಸದಾಗಿ ಅಳತೆಗೆ ಹೋಗುವವರು ಗೋಡೆಗೆ ಕೂಡಿಸಿದ ಕಪಾಟು, ಮುಂದೆ ಚಾಚಿದ ಚಿಮಣಿಯ ಜಾಗವನ್ನು ಕಳೆಯಬೇಡಿ, ಅವೂ ಸೇರುತ್ತವೆ. ಮಕ್ಕಳ ಹುಟ್ಟಿದ ತಾರೀಖು ಬರೆದುಕೊಳ್ಳಿ, ವಯಸ್ಸು ಮಾತ್ರ ಸಾಲದು. 1 ಅಥವಾ 10 ತುಂಬುವ ಮಗು ಇದ್ದರೆ ಬೇರೆ ಮನೆಗೆ ಈಗಲೇ ಅರ್ಜಿ ಹಾಕಲು ಹೇಳಿ. ಮಗು ಬೆಳೆದದ್ದರಿಂದಲೇ ಮಿತಿ ಮೀರಿದ್ದರೆ, ಅರ್ಜಿ ಹಾಕಿದವರ ಮೇಲೆ ತಪ್ಪು ಹೊರಿಸುವಂತಿಲ್ಲ.

ನಮ್ಮ ಫಾರ್ಮಿನಲ್ಲಿ ಚಾವಣಿಯ ಎತ್ತರಕ್ಕೆ ಕಾಲಮ್ಮೇ ಇಲ್ಲ. ಮೂರು ಸಲ ಬರೆದು ಕೇಳಿದ್ದೇನೆ. ಅದು ಬರುವವರೆಗೆ ಪ್ರತಿ ಶೀಟಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.