ಯಾವ ನಾಯಕರು, ಯಾವ ಮರ್ಫಿ?

ಅಂಕೋಲೆ ಕಡೆ ಯಾವುದಾದರೂ ಹಳ್ಳಿಗೆ ಹೋಗಿ ನಾಯಕರ ಮನೆ ಎಲ್ಲಿ ಅಂತ ಕೇಳಿ ನೋಡಿ. ಯಾವ ನಾಯಕರು, ಅಪ್ಪನ ಹೆಸರೇನು, ಗದ್ದೆ ಎಲ್ಲಿ ಬರುತ್ತದೆ ಅಂತ ನಿಮಗೇ ತಿರುಗಿ ಕೇಳುತ್ತಾರೆ. ಹಮ್ಮಣ್ಣ ನಾಯಕ ಅಂದರೆ ನಾಲ್ಕು ಮಂದಿ ಇರುತ್ತಾರೆ, ಬೀರಣ್ಣನ ಮಗ ಹಮ್ಮಣ್ಣ ಅಂದರೆ ಇಬ್ಬರಾಗುತ್ತಾರೆ, ಮೇಲಿನಮನೆ ಬೀರಣ್ಣನ ಮಗ ಅಂದ ಮೇಲೇ ಕೈ ಮಾಡಿ ದಾರಿ ತೋರಿಸುತ್ತಾರೆ. (ನಾಯಕ ಬೇರೆ, ನಾಯ್ಕ ಬೇರೆ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.)

ಐರ್ಲೆಂಡಿನ ಕುಲಗಳ ಬಗ್ಗೆ ಸುಮ್ನೆ ಓದೋಕೆ ಶುರು ಮಾಡಿದೆ, ಅಲ್ಲೂ ಇದೇ ಪಾಡು. ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಅಡ್ಡಹೆಸರು ಮರ್ಫಿ. ನೈಋತ್ಯದ ಬಿಯರಾ ಕಡೆ ಹೋದರೆ ಓ'ಸಲ್ಲಿವನ್‌ಗಳದ್ದೇ ರಾಜ್ಯ. ಹಾಗಾಗಿ ಐರಿಶ್ ಮಾತಾಡುವ ಊರುಗಳಲ್ಲಿ ಅಡ್ಡಹೆಸರನ್ನೇ ಬದಿಗಿಟ್ಟು, ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಪೋಣಿಸಿ ಕರೆಯುತ್ತಾರೆ. ಅಮ್ಮನ ಹೆಸರೇ ಊರಿಗೆ ಹೆಚ್ಚು ಗೊತ್ತಿದ್ದರೆ ಅದೇ ಸೇರುತ್ತದೆ. ನನಗಂತೂ ಇದೇ ನಿಜವಾದ ಮನೆತನದ ಹೆಸರು ಅನಿಸುತ್ತದೆ, ಕಾಗದದ ಮೇಲಿರೋದು ಸರ್ಕಾರದ್ದು.

ಸುಮ್ನೆ ಹೇಳ್ತಿಲ್ಲ. 1465ರಲ್ಲಿ ಒಂದು ಕಾನೂನು ಬಂತು. ಡಬ್ಲಿನ್ ಸುತ್ತ ಇಂಗ್ಲಿಷರ ಹಿಡಿತದಲ್ಲಿದ್ದ ಜಿಲ್ಲೆಗಳ ಐರಿಶ್ ಜನ ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು, ಯಾವುದೋ ಪಟ್ಟಣದ್ದೋ ಬಣ್ಣದ್ದೋ ಕಸುಬಿನದ್ದೋ. ಕಮ್ಮಾರನ ವಂಶದ ಮ್ಯಾಕ್ ಗವನ್ ಎಷ್ಟೋ ಕಡೆ ಸ್ಮಿತ್ ಆಗಿಬಿಟ್ಟ. ಆಮೇಲಿನ ಶತಮಾನಗಳಲ್ಲಿ ಹೆಸರಿನ ಮುಂದಿನ 'ಓ' (ಮೊಮ್ಮಗ, ಅಂದರೆ ವಂಶದವ), 'ಮ್ಯಾಕ್' (ಮಗ) ಎರಡೂ ಉದುರುತ್ತಾ ಹೋದವು. 19ನೇ ಶತಮಾನದ ಕೊನೆಗೆ ಐರಿಶ್ ಭಾಷೆಯ ಅಭಿಮಾನ ಎದ್ದಾಗ ಕೆಲವರು ಮತ್ತೆ ಅಂಟಿಸಿಕೊಂಡರು, ಕೆಲವರು ಇಲ್ಲ. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಬ್ಬ ಸಲ್ಲಿವನ್, ಇನ್ನೊಬ್ಬ ಓ'ಸಲ್ಲಿವನ್ ಆಗಿರೋದು ಹೀಗೆ.

ಹಾಗಂತ ಕುಲ ಅನ್ನೋದು ಬರೀ ಹೆಸರಾಗಿರಲಿಲ್ಲ. ಇಂಗ್ಲಿಷರ ವಿರುದ್ಧದ ಯುದ್ಧದಲ್ಲಿ ಸೋತ ಡೋನಲ್ ಕ್ಯಾಮ್ ಓ'ಸಲ್ಲಿವನ್ ಬಿಯರ್ ಎಂಬ ಮುಖ್ಯಸ್ಥ 1602ರ ಡಿಸೆಂಬರ್ 31ರಂದು ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು, ಹೆಂಗಸರು ಮಕ್ಕಳು ಎಲ್ಲ ಸೇರಿ, ಉತ್ತರದ ಲೀಟ್ರಿಮ್‌ಗೆ ಹೊರಟ. ಚಳಿಗಾಲ, ಹಸಿವು, ಬೆನ್ನಟ್ಟಿದ ಶತ್ರುಗಳು. ದಾರಿಯಲ್ಲಿ ಐರಿಶ್ ಕುಲದವರೇ ಮೈಮೇಲೆ ಬಿದ್ದರು. ಸುಮಾರು ಎರಡು ವಾರದ ನಂತರ ಓ'ರೂರ್ಕ್ ಕುಲದವನ ಕೋಟೆ ಮುಟ್ಟಿದ್ದು 35 ಜನ. ಉಳಿದವರೆಲ್ಲ ಸತ್ತರು ಅಂತಲ್ಲ, ಕೆಲವರು ಸುಸ್ತಾಗಿ ದಾರಿಯ ಊರುಗಳಲ್ಲೇ ನೆಲೆ ನಿಂತರು.

ಗಾಲ್ವೇ ಪಟ್ಟಣದ 'ಹದಿನಾಲ್ಕು ಬುಡಕಟ್ಟು'ಗಳ ಕತೆ ಬೇರೆ. ಅವು ಬುಡಕಟ್ಟುಗಳೇ ಅಲ್ಲ. ಲಿಂಚ್, ಬ್ಲೇಕ್, ಜಾಯ್ಸ್ ಅಂತ ದುಡ್ಡಿದ್ದ ವ್ಯಾಪಾರಿ ಮನೆತನಗಳು, ಹೆಚ್ಚಿನವರು ಹೊರಗಿಂದ ಬಂದ ನಾರ್ಮನ್ ಮೂಲದವರು.

ಈಗ ಅಲ್ಲಿ ಪ್ರವಾಸಿಗರಿಗೆ ನಿಮ್ಮ ಅಡ್ಡಹೆಸರಿನ ಲಾಂಛನ ಅಂತ ಮಗ್ಗು, ಟೀ ಶರ್ಟು ಮಾರುತ್ತಾರೆ. ಲಾಂಛನ ಕೊಡುತ್ತಿದ್ದದ್ದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಕ್ಕೆ, ಆ ಅಡ್ಡಹೆಸರು ಇದ್ದವರಿಗೆಲ್ಲ ಅಲ್ಲ. ನಾಯಕರಿಗೆಲ್ಲ ಒಂದೇ ಲಾಂಛನ ಅಂತ ಅಂಕೋಲೆಯಲ್ಲಿ ಯಾರಾದರೂ ಮಾರೋಕೆ ಬಂದರೆ ಏನಾಗುತ್ತದೆ ಅಂತ ಯೋಚಿಸಿ!

ಅದರ ಬದಲು 1901 ಮತ್ತು 1911ರ ಐರಿಶ್ ಜನಗಣತಿ ನೋಡಿ, ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ಎಲ್ಲವನ್ನೂ ಪುಕ್ಕಟೆ ಇಂಟರ್‌ನೆಟ್ಟಿಗೆ ಹಾಕಿದೆ. 1911ರ ಫಾರ್ಮಿನಲ್ಲಿ ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ ಅಂತ ಬರೆದು ಯಜಮಾನ ಸಹಿ ಹಾಕಬೇಕಿತ್ತು. ಅದಕ್ಕಿಂತ ಹಿಂದಿನದ್ದು ಸಿಗೋದೇ ಕಷ್ಟ. 1821ರಿಂದ 1851ರವರೆಗಿನ ಗಣತಿಯ ಹೆಚ್ಚಿನ ಭಾಗ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಜೊತೆ ಸುಟ್ಟು ಹೋಯಿತು. ಹಾಗಾಗಿ ವಂಶ ಹುಡುಕುವವರು 1847ರಿಂದ 1864ರವರೆಗೆ ಗ್ರಿಫಿತ್ ಎಂಬ ಅಧಿಕಾರಿ ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿಸಿದ ಪಟ್ಟಿ ಹಿಡಿಯುತ್ತಾರೆ. ಯಾರು ಯಾವ ಜಮೀನಿನಲ್ಲಿದ್ದರು, ಯಾರಿಗೆ ಒಕ್ಕಲಾಗಿದ್ದರು ಅಂತ ಅದರಲ್ಲಿದೆ.

ನಮ್ಮಲ್ಲೂ ಅಷ್ಟೇ ಅಲ್ವಾ? ಹಳೇ ಜಮೀನು ಕಾಗದದಲ್ಲಿ ಯಾರ ಮಗ ಯಾರು, ಯಾರು ಕೋಂ ಯಾರು (ಯಾರು ಯಾರ ಹೆಂಡತಿ) ಅಂತೆಲ್ಲ ಇರುತ್ತದೆ. ಅಟ್ಟದ ಪೆಟ್ಟಿಗೆಯಲ್ಲಿ ಇದ್ದರೆ ಮಳೆಗಾಲ ಹಿಡಿಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಓದಲಿಕ್ಕೆ ಬರದಿದ್ದರೆ ನನಗೆ ಕಳಿಸಿ, ಹಳೇ ಮರಾಠಿ ಕಾಗದಗಳ ಮೋಡಿ ಲಿಪಿಯದ್ದು ಮಾತ್ರ ಬೇಡ.