ಅಕ್ಕನ ಮಗಳನ್ನು ಮಿಡ್‌ಫೀಲ್ಡ್‌ಗೆ ಹಾಕಿದ್ದಾರೆ

ಹೋದ ವಾರ ಕಾರವಾರದಿಂದ ಅಕ್ಕನ ಮಗಳ ವಿಡಿಯೋ ಕಾಲ್ ಬಂತು. ಮುಖ ಊದಿಸಿಕೊಂಡಿದ್ದಳು. "ಮೌಶಿ, ನನ್ನನ್ನ ಮಿಡ್‌ಫೀಲ್ಡ್‌ಗೆ ಹಾಕಿದಾರೆ. ಇನ್ನು ನಂಗೆ ಗೋಲು ಹೊಡೆಯೋಕೆ ಸಿಗೋದಿಲ್ಲ" ಅಂದಳು. ಹನ್ನೆರಡು ವರ್ಷದ ಹುಡುಗಿ. ಕೋಡಿಬಾಗದ ಮರಳಲ್ಲಿ ಹುಡುಗರ ಜತೆ ಫುಟ್‌ಬಾಲ್ ಆಡಿ ಕಲಿತವಳು. ಮಿಡ್‌ಫೀಲ್ಡ್ ಅಂದರೆ ಮೈದಾನದ ನಡುವೆ ಆಡುತ್ತಾ ಚೆಂಡನ್ನು ಮುಂದಿನವರಿಗೆ ಸಾಗಿಸುವ ಜಾಗ. ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಆದರೆ ಸರಿಯಾಗಿ ಹೇಳಲಿಲ್ಲ ಅಂತ ರಾತ್ರಿಯೆಲ್ಲ ಅನಿಸುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಊರಲ್ಲಿ ಇಂಥ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಇನ್ನೂ ಇದ್ದಾರಲ್ವಾ, ಅವರೂ ಓದಲಿ.

ನಾನಿರುವುದು ಸ್ಪೇನಿನ ವಿಲನೋವಾ ಎಂಬ ಊರಿನಲ್ಲಿ. ಬಾರ್ಸಿಲೋನಾದಿಂದ ಕಡಲ ಪಕ್ಕದಲ್ಲೇ ರೈಲು ಬರುತ್ತದೆ. ಇದು ಮೀನುಗಾರರ ಬಂದರು. ಬೆಳಿಗ್ಗೆ ಹೋದ ದೋಣಿಗಳು ಸಂಜೆ ವಾಪಸ್ಸಾಗುತ್ತವೆ, ಆಮೇಲೆ ಮೀನಿನ ಹರಾಜು. ಥೇಟ್ ನಮ್ಮ ಕಾರವಾರದ ಬೈತಖೋಲ್ ಬಂದರಿನದೇ ವಾಸನೆ. 2021ರಲ್ಲಿ ಬಂದ ಹೊಸತರಲ್ಲಿ ಭಾಷೆ ಬಾರದೆ ತುಂಬಾ ಒಂಟಿ ಅನಿಸಿದಾಗ ಸುಮ್ನೆ ಅಲ್ಲಿ ಹೋಗಿ ನಿಲ್ಲುತ್ತಿದ್ದೆ.

ಪಕ್ಕದಲ್ಲೇ ರಿಬೆಸ್ ಅಂತ ಊರಿದೆ. ಐತಾನಾ ಬೊನ್‌ಮತಿ ಬೆಳೆದದ್ದು ಅಲ್ಲಿ. 2023, 2024, 2025, ಮೂರೂ ವರ್ಷ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರ್ತಿಯ ಪ್ರಶಸ್ತಿ ಗೆದ್ದವಳು. ಅವಳು ಆಡುವುದು ಮಿಡ್‌ಫೀಲ್ಡ್‌ನಲ್ಲಿ. ಅವಳು ಹುಟ್ಟಿದ್ದು 1998ರ ಜನವರಿಯಲ್ಲಿ. ನಮ್ಮ ಕಡೆ ಕೊಂಕಣ ರೈಲಿನ ಹಾದಿ ಪೂರ್ತಿ ತೆರೆದದ್ದೂ ಅದೇ ತಿಂಗಳು.

ಐತಾನಾಳ ಅಪ್ಪ ಅಮ್ಮ ಇಬ್ಬರೂ ಇಲ್ಲಿನ ಕತಲಾನ್ ಭಾಷೆಯ ಮೇಷ್ಟ್ರು. ಇಲ್ಲಿ ಹೆಸರಿನ ಜತೆ ಅಪ್ಪನದು, ಅಮ್ಮನದು ಎರಡೂ ಅಡ್ಡಹೆಸರು ಇರುತ್ತವೆ. ಮಗಳ ಹೆಸರಿನಲ್ಲಿ ಅಮ್ಮನ ಅಡ್ಡಹೆಸರು ಮೊದಲು ಬರಬೇಕು ಅಂತ ಹೋರಾಡಿದವರು. ಆಗಿನ ಕಾನೂನು ಅದಕ್ಕೆ ಬಿಡುತ್ತಿರಲಿಲ್ಲ, ಆಮೇಲೆ ಬದಲಾಯಿತು. ಬೊನ್‌ಮತಿ ಅನ್ನುವುದು ಅವಳ ಅಮ್ಮನ ಮನೆಯ ಹೆಸರು. ಇದು ನನಗೆ ತುಂಬಾ ಇಷ್ಟದ ವಿಷಯ. ಐತಾನಾ ಕೂಡ ಚಿಕ್ಕವಳಿದ್ದಾಗ ಹುಡುಗರ ಜತೆಗೇ ಆಡಿದಳು. 2012ರಲ್ಲಿ ಬಾರ್ಸಾ, ಅಂದರೆ ಬಾರ್ಸಿಲೋನಾ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಸೇರಿದಳು. ಮನೆಯಲ್ಲಿ ಕಾರು ಓಡಿಸುವವರಿರಲಿಲ್ಲ. ಅಪ್ಪನೇ ಬಸ್ಸು, ರೈಲು ಹತ್ತಿಸಿ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದರು. ಆಗ ಬಾರ್ಸಾದ ಹೆಂಗಸರ ತಂಡವೇ ಇನ್ನೂ ವೃತ್ತಿಪರ ಆಗಿರಲಿಲ್ಲ. ಆದದ್ದು 2015ರಲ್ಲಿ. ಅಂದರೆ ಆಟವೇ ಕೆಲಸ ಆಗುತ್ತದೆ ಅನ್ನುವ ಖಾತ್ರಿ ಇಲ್ಲದಿದ್ದಾಗಲೇ ಆ ಅಪ್ಪ ಮಗಳು ದಿನಾ ರೈಲು ಹತ್ತಿದ್ದು. ಓದನ್ನೂ ಬಿಡಲಿಲ್ಲ ಅವಳು. ಆಡುತ್ತಲೇ ಕ್ರೀಡಾ ವಿಜ್ಞಾನದ ಡಿಗ್ರಿ ಮಾಡಿಕೊಂಡಳು. ಅಕ್ಕಾ, ಇದು ನಿನಗೆ.

ನನಗೂ ಆಡುವ ಆಸೆ ಇತ್ತು. ಎಂಟನೇ ಕ್ಲಾಸಿನಲ್ಲಿ ಶಾಲೆಯವರು "ಹುಡುಗಿಯರಿಗೆ ಥ್ರೋಬಾಲ್ ಇದೆಯಲ್ಲ" ಅಂದರು. ಅಲ್ಲಿಗೆ ನಿಂತುಹೋಯಿತು. ಅವತ್ತಿನ ನೋವು ಇನ್ನೂ ಹೋಗಿಲ್ಲ. ಅದಕ್ಕೇ 2022ರ ಏಪ್ರಿಲ್ 22ರಂದು ಬಾರ್ಸಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಕೂತಾಗ ನನಗೆ ಅಳು ತಡೆಯಲಾಗಲಿಲ್ಲ. ಹೆಂಗಸರ ಪಂದ್ಯ ನೋಡಲು 91,648 ಜನ! ಕರಾವಳಿ ಉತ್ಸವದ ಜನಜಾತ್ರೆ ನೋಡಿ ಬೆಳೆದವಳು ನಾನು, ಆದರೂ ಅಷ್ಟು ಜನರನ್ನು ಒಟ್ಟಿಗೆ ಕಂಡಿರಲಿಲ್ಲ. ಜರ್ಮನಿಯ ವೋಲ್ಫ್ಸ್‌ಬರ್ಗ್ ವಿರುದ್ಧ ಬಾರ್ಸಾ 5-1ರಿಂದ ಗೆದ್ದಿತು. ಮೂರನೇ ನಿಮಿಷದಲ್ಲೇ ಮೊದಲ ಗೋಲು ಹೊಡೆದವಳು ಐತಾನಾ.

ಆ ದಿನ ನಾನು ಚೆಂಡನ್ನು ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಚೆಂಡು ಇನ್ನೂ ಬೇರೆಯವರ ಕಾಲಲ್ಲಿರುವಾಗ ಅವಳ ತಲೆ ಎಡಕ್ಕೆ ಬಲಕ್ಕೆ ತಿರುಗುತ್ತಿರುತ್ತದೆ. ಹಿಂದೆ ಯಾರಿದ್ದಾರೆ, ಯಾವ ಕಡೆ ಜಾಗ ಖಾಲಿ ಇದೆ, ಎಲ್ಲ ನೋಡಿಕೊಳ್ಳುತ್ತಾಳೆ. ಚೆಂಡು ಬರುವಷ್ಟರಲ್ಲಿ ಯಾರಿಗೆ ಕೊಡಬೇಕು ಅಂತ ತೀರ್ಮಾನ ಆಗಿರುತ್ತದೆ. ನನಗೆ ಅಜ್ಜ ನೆನಪಾದರು. ರಂಪಣಿ ಬಲೆ ಎಳೆಯಲು ದಡದಲ್ಲಿ ಹತ್ತಾರು ಜನ ಬೇಕು. ಎಳೆಯುವವರ ತೋಳು ಎಲ್ಲರಿಗೂ ಕಾಣುತ್ತದೆ. ಆದರೆ ಅದಕ್ಕೂ ಮೊದಲು ಒಬ್ಬರು ನೀರು ನೋಡಬೇಕು. ಎಲ್ಲಿ ನೀರಿನ ಬಣ್ಣ ಕಪ್ಪಾಗಿದೆ, ಬಂಗಡೆ ಹಿಂಡು ಯಾವ ಕಡೆ ತಿರುಗುತ್ತಿದೆ ಅಂತ. ಅಜ್ಜ ಆ ಕೆಲಸ ಮಾಡುತ್ತಿದ್ದರು. ಅವರು ಕೈ ಬೀಸಿದ ಮೇಲೇ ದೋಣಿ ಬಲೆ ಬಿಡುತ್ತಾ ಹೋಗುತ್ತಿತ್ತು.

ಪುಟ್ಟಿ, ನಿನಗೆ ಕೊಟ್ಟಿರುವುದು ಅಜ್ಜನ ಕೆಲಸ.

ಗೋಲು ಹೊಡೆಯೋಕೆ ಸಿಗೋದೇ ಇಲ್ಲ ಅಂದುಕೊಳ್ಳಬೇಡ. 2025ರ ಹೆಂಗಸರ ಯುರೋ ಕಪ್ ಶುರುವಾಗುವ ಮುಂಚೆ ಐತಾನಾ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಆಗಿ ಆಸ್ಪತ್ರೆ ಸೇರಿದ್ದಳು. ಇಡೀ ಊರೇ ಗಾಬರಿಯಾಗಿತ್ತು. ಎದ್ದು ಬಂದು ಸ್ಪೇನ್ ತಂಡಕ್ಕೆ ಆಡಿದಳು. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು, ಹೆಚ್ಚುವರಿ ಸಮಯದಲ್ಲಿ, 113ನೇ ನಿಮಿಷ, ಎಲ್ಲರ ಕಾಲೂ ಸೋತಿದ್ದವು. ಎಲ್ಲರೂ ಪಾಸ್ ಕೊಡುತ್ತಾಳೆ ಅಂದುಕೊಂಡಿದ್ದಾಗ, ಅವಳು ಕಷ್ಟದ ಕೋನದಿಂದ ಹತ್ತಿರದ ಕಂಬದ ಪಕ್ಕಕ್ಕೇ ಹೊಡೆದಳು. ಗೋಲು! ಆ ಗೋಲ್‌ಕೀಪರ್ ಅಲ್ಲಿ ಜಾಗ ಬಿಡುತ್ತಾಳೆ ಅಂತ ಸ್ಪೇನ್ ತಂಡದವರು ಮೊದಲೇ ನೋಡಿಟ್ಟಿದ್ದರಂತೆ. ಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಪೆನಾಲ್ಟಿಯಲ್ಲಿ ಸೋತರು. ಅವಳ ಹೊಡೆತವನ್ನೂ ಕೀಪರ್ ತಡೆದಳು. ಅದೇ ವರ್ಷ ನವೆಂಬರ್ ಕೊನೆಗೆ ಅಭ್ಯಾಸ ಮಾಡುವಾಗ ಕಾಲಿನ ಮೂಳೆ ಮುರಿದು ಆಪರೇಷನ್ ಆಯಿತು. ಈ ಕೆಲಸದಲ್ಲಿ ಇದೂ ಇದೆ, ನಿನ್ನಿಂದ ಮುಚ್ಚಿಡುವುದಿಲ್ಲ.

ಸ್ಪೇನ್ ದೂರ ಅನಿಸಿದರೆ ನಮ್ಮ ಸಂಗೀತಾ ಬಾಸ್ಫೋರೆಯನ್ನು ನೋಡು. ಬಂಗಾಳದವಳು, ಅವಳೂ ಮಿಡ್‌ಫೀಲ್ಡರ್. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ, ಆ ದೇಶದವರ ಎದುರೇ, ಭಾರತ 2-1ರಿಂದ ಗೆದ್ದು ಏಷ್ಯನ್ ಕಪ್ ಪ್ರವೇಶ ಮಾಡಿತು. ಎರಡೂ ಗೋಲು ಸಂಗೀತಾಳದು.

ಇಷ್ಟನ್ನೂ ಬರೆದು ಮೊದಲು ಅವಳಿಗೇ ಕಳಿಸಿದೆ. ಜತೆಗೆ ಐತಾನಾಳ ಒಂದು ಪಂದ್ಯದ ವಿಡಿಯೋ. ಚೆಂಡು ನೋಡಬೇಡ, ಚೆಂಡು ಬರುವ ಮೊದಲು ಅವಳು ಎಷ್ಟು ಸಲ ತಲೆ ತಿರುಗಿಸುತ್ತಾಳೆ ಅಂತ ಎಣಿಸು ಅಂದಿದ್ದೆ. ನಿನ್ನೆ ರಾತ್ರಿ ವಾಯ್ಸ್ ಮೆಸೇಜ್ ಬಂತು. ಹಿಂದಿನಿಂದ ಅಕ್ಕ ಊಟಕ್ಕೆ ಕರೆಯುವುದು ಕೇಳುತ್ತಿತ್ತು. "ಮೌಶಿ, ಲೆಕ್ಕ ತಪ್ಪಿ ಹೋಗ್ತಾ ಇದೆ. ಮತ್ತೆ ಮೊದಲಿಂದ ಹಾಕ್ತೀನಿ."